ಹಿಮದಲ್ಲಿ ನಿಂತು ಕಾಯುವಂತಿಲ್ಲ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ದೂರದೂರುಗಳಿಂದ ಮಕ್ಕಳು ಮೊಮ್ಮಕ್ಕಳು ಬಂದು ಸೇರುತ್ತಾರೆ, ಮನೆಮನೆಯಲ್ಲಿ ಟರ್ಕಿ ಕೋಳಿ ಬೇಯುತ್ತದೆ, ಮಧ್ಯಾಹ್ನ ದೊಡ್ಡ ಊಟ ಎಂಬುದೆಲ್ಲ ನಮ್ಮಲ್ಲೂ ಹಲವರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಬೆಳಗಿನದು. ಊಟಕ್ಕೆ ಮುಂಚೆ ಆ ದೇಶದ ಊರೂರುಗಳಲ್ಲಿ ಜನ ಮನೆಮಂದಿಯನ್ನೂ ಗೆಳೆಯರನ್ನೂ ಕರೆದುಕೊಂಡು ರಸ್ತೆಗಿಳಿದು ಓಡುತ್ತಾರೆ. ಆ ಓಟಕ್ಕೆ ಟರ್ಕಿ ಟ್ರಾಟ್ ಎಂದು ಹೆಸರು. ನಮ್ಮಲ್ಲಿ ದೀಪಾವಳಿಯಂದು ಎಣ್ಣೆಸ್ನಾನ ಆಗದೆ ಹಬ್ಬ ಶುರುವಾಗುವುದಿಲ್ಲವಲ್ಲ, ಅಲ್ಲಿ ಎಷ್ಟೋ ಮನೆಗಳಲ್ಲಿ ಈ ಓಟಕ್ಕೆ ಅದೇ ಸ್ಥಾನ.

ಇಂಥ ಓಟಗಳಲ್ಲೆಲ್ಲ ಹಳೆಯದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಮೂಲೆಯಲ್ಲಿರುವ ಬಫಲೋ ನಗರದ್ದು. 1896ರ ಥ್ಯಾಂಕ್ಸ್‌ಗಿವಿಂಗ್ ದಿನ ಅಲ್ಲಿನ ವೈಎಂಸಿಎ ಸಂಸ್ಥೆ ಅದನ್ನು ಶುರುಮಾಡಿತು. ಮೊದಲ ವರ್ಷ ಓಡಲು ನಿಂತವರು ಆರು ಮಂದಿ, ಮುಗಿಸಿದವರು ನಾಲ್ವರು. ಹೆನ್ರಿ ಆಲಿಸನ್ ಎಂಬಾತ 31 ನಿಮಿಷ 12 ಸೆಕೆಂಡಿನಲ್ಲಿ ಗೆದ್ದ. ಜಗತ್ತಿಗೆಲ್ಲ ಹೆಸರಾದ ಬಾಸ್ಟನ್ ಮ್ಯಾರಥಾನ್ ಹುಟ್ಟಿದ್ದು ಅದರ ಮರುವರ್ಷ, 1897ರ ಏಪ್ರಿಲ್‌ನಲ್ಲಿ. ಬಫಲೋದ ಓಟ ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ. 2020ರಲ್ಲಿ ಕೋವಿಡ್ ಕಾಲದಲ್ಲೂ 125ನೆಯ ಓಟಕ್ಕೆಂದು 125 ಮಂದಿಯನ್ನಷ್ಟೇ ರಸ್ತೆಗಿಳಿಸಿ, ಉಳಿದವರಿಗೆ ತಂತಮ್ಮ ಬೀದಿಯಲ್ಲೇ ಓಡಿ ಎಂದರು. ಆರು ಜನರಿಂದ ಶುರುವಾದದ್ದರಲ್ಲಿ ಈಗ ಹತ್ತು ಸಾವಿರಕ್ಕೂ ಹೆಚ್ಚು ಜನ ಓಡುತ್ತಾರೆ. ಎಂಟು ಕಿಲೋಮೀಟರ್, ಡೆಲವೇರ್ ಅವೆನ್ಯೂ ಎಂಬ ಹೆದ್ದಾರಿಯಗಲದ ರಸ್ತೆಯಲ್ಲಿ ಉತ್ತರದಿಂದ ಪೇಟೆಯ ನಡುವಿಗೆ.

ನನ್ನ ಅಕ್ಕನ ಮನೆ ಬಫಲೋದ ದಕ್ಷಿಣದ ಹೊರವಲಯದಲ್ಲಿದೆ. ಅಕ್ಕ, ಭಾವ, ಅವರ ಮಗಳು ಮೂವರೂ ಓಡುವವರು. ಒಂದು ಥ್ಯಾಂಕ್ಸ್‌ಗಿವಿಂಗ್ ರಜೆಯನ್ನು ನಾನು ಅವರ ಜೊತೆ, ಅವರ ಓಟದ ಬಳಗದ ಜೊತೆ ಕಳೆದೆ. ಆ ವಾರವೆಲ್ಲ ಹಿಮ ಬೀಳುತ್ತಿತ್ತು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನಲ್ಲಿ ಓಡಿ ಅಭ್ಯಾಸವಾದ ನನಗೆ ಓಟವೆಂದರೆ ಒಬ್ಬನೇ ಮಾಡುವ ಕೆಲಸ, ಜೊತೆಗೆ ಯಾರಾದರೂ ಇದ್ದರೆ ಹಿತ, ಇಲ್ಲದಿದ್ದರೆ ಅಡ್ಡಿಯಿಲ್ಲ. ಹಿಮದ ಊರಿನಲ್ಲಿ ಹಾಗಲ್ಲ. ಅಲ್ಲಿ ಜೊತೆಗಾರರು ಬೇಕೇಬೇಕು. ಅದು ಯಾಕೆ ಹಾಗೆ ಎನ್ನುವುದು ಹಿಮದ ಗುಣದಲ್ಲೂ ನಮ್ಮ ಮೈಯ ಗುಣದಲ್ಲೂ ಇದೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಆ ಊರಿನ ಹಿಮ. ಬಫಲೋ ಇರುವುದು ಈರೀ ಸರೋವರದ ಪೂರ್ವದ ತುದಿಯಲ್ಲಿ. ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಸುಮಾರು 390 ಕಿಲೋಮೀಟರ್ ಉದ್ದ ಮಲಗಿದೆ. ಅಮೆರಿಕದ ಐದು ಮಹಾ ಸರೋವರಗಳಲ್ಲಿ ಇದೇ ಆಳ ಕಡಿಮೆ ಇರುವುದು, ಸರಾಸರಿ 19 ಮೀಟರ್ ಅಷ್ಟೇ. ಆಳವಿಲ್ಲದ್ದರಿಂದ ಬೇಸಿಗೆಯಲ್ಲಿ ಬೇಗ ಕಾಯುತ್ತದೆ. ನವೆಂಬರ್‌ನಲ್ಲಿ ಕೆನಡಾ ಕಡೆಯ ಕೊರೆಯುವ ಗಾಳಿ ಬಂದಾಗಲೂ ನೀರಿನಲ್ಲಿ ಇನ್ನೂ ಶಾಖ ಉಳಿದಿರುತ್ತದೆ. ಒಣ ಗಾಳಿ ಸರೋವರದ ಉದ್ದಕ್ಕೂ ಸಾಗುತ್ತ ನೀರಿನ ಶಾಖವನ್ನೂ ಆವಿಯನ್ನೂ ಎತ್ತಿಕೊಳ್ಳುತ್ತದೆ, ಮೇಲೇರಿ ಮೋಡವಾಗುತ್ತದೆ, ದಡ ಸಿಕ್ಕ ಕೂಡಲೇ ಹಿಮವಾಗಿ ಸುರಿಯುತ್ತದೆ. ನೀರಿಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ ಸಾಕು, ಈ ಯಂತ್ರ ಚಾಲೂ ಆಗುತ್ತದೆ. ಚಳಿಗಾಲ ಬಲಿತು ಸರೋವರ ಹೆಪ್ಪುಗಟ್ಟಿದರೆ ಆವಿ ಏಳುವುದಿಲ್ಲ, ಈ ಬಗೆಯ ಹಿಮವೂ ಕಡಿಮೆಯಾಗುತ್ತದೆ. ಹಾಗಾಗಿ ಅದರ ಆರ್ಭಟವೆಲ್ಲ ನವೆಂಬರ್, ಡಿಸೆಂಬರ್‌ಗಳಲ್ಲಿ, ಸರಿಯಾಗಿ ಹಬ್ಬದ ರಜೆಗಳಲ್ಲಿ.

ಈ ಹಿಮ ಎಲ್ಲ ಕಡೆ ಸಮನಾಗಿ ಬೀಳುವುದೂ ಇಲ್ಲ. ಪಟ್ಟಿಯಾಗಿ ಬೀಳುತ್ತದೆ. ಪಟ್ಟಿಯೊಳಗಿನ ಬೀದಿಯಲ್ಲಿ ಎದುರುಮನೆ ಕಾಣುವುದಿಲ್ಲ, ಹತ್ತು ಹದಿನೈದು ಕಿಲೋಮೀಟರ್ ಆಚೆ ಬಿಸಿಲು. 2022ರ ನವೆಂಬರ್‌ನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ ಆರೂವರೆ ಅಡಿಗೂ ಹೆಚ್ಚು ಹಿಮ ಬಿತ್ತು. ಅಲ್ಲಿ ನಡೆಯಬೇಕಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟ್‌ಗೆ ಸಾಗಿಸಬೇಕಾಯಿತು. ಉತ್ತರದ ಬಡಾವಣೆಗಳಲ್ಲಿ ಬಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಮುಂದಿನ ಗುರುವಾರ ಟರ್ಕಿ ಟ್ರಾಟ್ ಎಂದಿನಂತೆ ನಡೆಯಿತು. ಈ ಊರಿನವರು ಹಿಮಕ್ಕೆ ಹೆದರುವುದಿಲ್ಲ ಅಂದುಕೊಳ್ಳಬಾರದು. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಬಂದ ಹಿಮಬಿರುಗಾಳಿ ಆ ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕಾರಿನೊಳಗೆ ಸಿಕ್ಕಿಬಿದ್ದವರು, ಕರೆಂಟು ಹೋದ ಮನೆಯಲ್ಲೇ ಮರಗಟ್ಟಿದವರು, ನಡೆದುಹೋಗುತ್ತೇನೆಂದು ಹೊರಟವರು. ಹಿಮದಲ್ಲಿ ಓಡುವವರೆಲ್ಲ ಆ ನೆನಪನ್ನು ಇಟ್ಟುಕೊಂಡೇ ಬಾಗಿಲು ತೆಗೆಯುತ್ತಾರೆ. ಹವಾಮಾನ ಇಲಾಖೆ ಬೇಡವೆಂದ ದಿನ ಅಕ್ಕನ ಬಳಗದಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ.

ಇನ್ನು ಮೈಯ ವಿಷಯ. ಅರವತ್ತು ಕಿಲೋ ತೂಕದವರು ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ 600 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ ಕಾಲು ಭಾಗ ಮಾತ್ರ ಓಟಕ್ಕೆ ಸಲ್ಲುತ್ತದೆ, ಉಳಿದ ಮುಕ್ಕಾಲು ಶಾಖವಾಗುತ್ತದೆ. ಲೆಕ್ಕ ಹಾಕಿದರೆ ಸುಮಾರು 500 ವ್ಯಾಟ್. ಇಷ್ಟು ಶಾಖ ಮೈಯೊಳಗೇ ಹುಟ್ಟುವುದರಿಂದ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಓಡುವವರು ಬೆವರುತ್ತಾರೆ. ಹೊರಗಿನ ಉಷ್ಣತೆ ಎಷ್ಟಿದೆಯೋ ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದೆ ಎಂದುಕೊಂಡು ಬಟ್ಟೆ ಹಾಕಿಕೊಳ್ಳಿ ಎಂದು ಅಲ್ಲಿನ ಓಟಗಾರರು ಹೇಳುವುದು ಇದಕ್ಕೇ. ಬಾಗಿಲ ಬಳಿ ಸ್ವಲ್ಪ ನಡುಗಿದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಮೈಗೆ ಅಂಟಿದ ಮೊದಲ ಪದರ ಬೆವರನ್ನು ಹೊರಕ್ಕೆ ದಾಟಿಸುವ ಸಿಂಥೆಟಿಕ್ ಅಥವಾ ಉಣ್ಣೆಯದಾಗಿರಬೇಕು. ಹತ್ತಿ ಬೇಡವೇ ಬೇಡ, ನೆನೆದರೆ ಒಣಗುವುದಿಲ್ಲ. ಹೊರಪದರ ಗಾಳಿ ತಡೆಯುವಂಥದ್ದು. ಗಾಳಿಯ ಲೆಕ್ಕ ಬಿಡುವಂತಿಲ್ಲ. ಮೈನಸ್ ಹತ್ತು ಡಿಗ್ರಿಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ ಇಪ್ಪತ್ತರಂತೆ ಕೊರೆಯುತ್ತದೆ.

ನಾನು ಎರಡು ಜೊತೆ ಕಾಲುಚೀಲ ಏರಿಸುತ್ತಿದ್ದಾಗ ಅಕ್ಕ ಬಂದು ಒಂದನ್ನು ಬಿಚ್ಚಿಸಿದಳು. "ಶೂ ಬಿಗಿಯಾದ್ರೆ ಬೆರಳಿಗೆ ರಕ್ತ ಇಳಿಯಲ್ಲ ಕಣೋ, ಇನ್ನೂ ಬೇಗ ಮರಗಟ್ಟತ್ತೆ. ಒಂದೇ ಹಾಕ್ಕೋ, ದಪ್ಪದ್ದು." ಚಳಿಗೆ ಮೈ ಮೊದಲು ಮಾಡುವ ಕೆಲಸವೇ ಕೈಕಾಲಿನ ತುದಿಗೆ ರಕ್ತ ಕಡಿಮೆ ಮಾಡಿ ಒಡಲನ್ನು ಬೆಚ್ಚಗಿಡುವುದು. ಬೆರಳು ಬೆರಳಿನ ಗ್ಲೌಸಿಗಿಂತ ನಾಲ್ಕೂ ಬೆರಳು ಒಂದೇ ಚೀಲದಲ್ಲಿ ಕೂರುವ ಗ್ಲೌಸು ಬೆಚ್ಚಗಿರುವುದು, ಅವು ಒಂದಕ್ಕೊಂದು ಶಾಖ ಕೊಟ್ಟುಕೊಳ್ಳುವುದರಿಂದ. ಇನ್ನೊಂದು ಸಂಗತಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಉಸಿರಿನ ಜೊತೆ ನೀರು ಹೋಗುತ್ತಲೇ ಇರುತ್ತದೆ, ಮೂತ್ರವೂ ಹೆಚ್ಚು. ಭಾವ ಎಲ್ಲರ ಕೈಗೂ ಹೊರಡುವ ಮುಂಚೆ ಬೆಚ್ಚಗಿನ ನೀರು ಕೊಡುತ್ತಿದ್ದರು, ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಿದ್ದರು.

ಹಬ್ಬದ ಮುನ್ನಾ ದಿನ ಸಂಜೆ ಬಳಗದವರೆಲ್ಲ ಅಕ್ಕನ ಮನೆಯ ಗ್ಯಾರೇಜಿನಲ್ಲಿ ಸೇರಿದರು. ಶಾಲೆಯ ಟೀಚರು, ಆಸ್ಪತ್ರೆಯ ನರ್ಸು, ಹಾಸನದ ಕಡೆಯ ಎಂಜಿನಿಯರ್ ದಂಪತಿ, ಅಗ್ನಿಶಾಮಕ ದಳದಿಂದ ನಿವೃತ್ತರಾದ ಒಬ್ಬ ಹಿರಿಯರು. ಎಲ್ಲರೂ ಹಳೆಯ ಶೂ ತಂದಿದ್ದರು. ಆ ಹಿರಿಯರು ಡ್ರಿಲ್ ಹಿಡಿದು ಒಂದೊಂದೇ ಶೂವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಅಟ್ಟೆಯ ದಪ್ಪ ರಬ್ಬರು ಇರುವ ಜಾಗ ನೋಡಿ ಪುಟ್ಟ ಸ್ಕ್ರೂಗಳನ್ನು ಕೂರಿಸಿದರು. ತಗಡಿಗೆ ಹೊಡೆಯುವ, ಆರು ಮೂಲೆಯ ತಲೆಯ ಸ್ಕ್ರೂ. ಉದ್ದ ಹೆಚ್ಚಾದರೆ ಪಾದಕ್ಕೆ ಚುಚ್ಚುತ್ತದೆ, ಕಡಿಮೆಯಾದರೆ ಉದುರುತ್ತದೆ. ಹಿಮ್ಮಡಿಯ ಅಂಚಿಗೆ ಕೆಲವು, ಮುಂಗಾಲಿನ ಅಂಚಿಗೆ ಕೆಲವು, ನಡುವೆ ಇಲ್ಲ. ಹೊರಚಾಚಿದ ಸ್ಕ್ರೂ ತಲೆಯ ಅಂಚುಗಳು ಮಂಜುಗಡ್ಡೆಯನ್ನು ಕಚ್ಚುತ್ತವೆ. ಅಂಗಡಿಯಲ್ಲಿ ಶೂ ಮೇಲೆ ತೊಡಿಸುವ ಮುಳ್ಳಿನ ಸರಪಳಿ ಸಿಗುತ್ತದೆ, ಬಳಗದ ಕೆಲವರ ಹತ್ತಿರ ಅದೂ ಇತ್ತು. ಆದರೆ ಈ ಸ್ಕ್ರೂ ಹೊಡೆಯುವ ಸಂಜೆಯನ್ನು ಯಾರೂ ತಪ್ಪಿಸುವುದಿಲ್ಲ. ಅಕ್ಕನ ಮಗಳು ಮುಗಿದ ಶೂಗಳನ್ನು ಕೈಗೆ ತೊಟ್ಟು ನೆಲಕ್ಕೆ ಒತ್ತಿ ನೋಡಿ, ಅಲುಗುವ ಸ್ಕ್ರೂ ಕಂಡರೆ ವಾಪಸ್ ಕೊಡುತ್ತಿದ್ದಳು.

ಹಿಮಕ್ಕೆ ಸ್ಕ್ರೂ ಬೇಕಿಲ್ಲ. ಹೊಸದಾಗಿ ಬಿದ್ದ ಹಿಮದಲ್ಲಿ ಕಾಲು ಮರಳಿನಲ್ಲಿ ಹೂತಂತೆ ಹೂಳುತ್ತದೆ, ಜಾರುವುದು ಕಡಿಮೆ. ಜಾರುವುದು ಕರಗಿ ಮತ್ತೆ ಹೆಪ್ಪುಗಟ್ಟಿದ ತೆಳು ಪದರ. ಅದು ಗಾಜಿನ ಹಾಗೆ ಇರುವುದರಿಂದ ಕೆಳಗಿನ ಡಾಂಬರು ಕಾಣಿಸುತ್ತದೆ, ರಸ್ತೆ ಬರೀ ಒದ್ದೆಯಾಗಿದೆ ಎನ್ನಿಸುತ್ತದೆ. ಮುನಿಸಿಪಾಲಿಟಿಯವರು ಉಪ್ಪು ಹಾಕುತ್ತಾರೆ, ಆದರೆ ಮೈನಸ್ ಒಂಬತ್ತು ಹತ್ತು ಡಿಗ್ರಿಗಿಂತ ಕೆಳಗೆ ಸಾದಾ ಉಪ್ಪಿನ ಕೆಲಸ ನಡೆಯುವುದಿಲ್ಲ. ಹೆಜ್ಜೆ ಚಿಕ್ಕದಾಗಿರಬೇಕು, ಪಾದ ಮೈಯ ನೇರ ಕೆಳಗೆ ಬೀಳಬೇಕು. ಗಡಿಯಾರದ ವೇಗ ನೋಡುವುದನ್ನು ಬಿಟ್ಟು ಇಷ್ಟು ಹೊತ್ತು ಓಡುತ್ತೇವೆ ಎಂದು ಹೊರಡುತ್ತಾರೆ.

ಹೊರಡುವ ದಿಕ್ಕಿಗೂ ಒಂದು ಕ್ರಮವಿದೆ. ಮೊದಲ ಅರ್ಧ ಗಾಳಿಗೆ ಎದುರಾಗಿ, ವಾಪಸ್ ಬರುವಾಗ ಗಾಳಿ ಬೆನ್ನಿಗೆ. ತಲೆಕೆಳಗಾದರೆ ಬೆವರಿ ಒದ್ದೆಯಾದ ಮೈಗೆ ಎದುರುಗಾಳಿ ಹೊಡೆಯುತ್ತದೆ. ದಾರಿಯನ್ನೂ ದೂರಕ್ಕೆ ಹಾಕುವುದಿಲ್ಲ. ಮನೆಯ ಮುಂದೆಯೇ ಮತ್ತೆ ಮತ್ತೆ ಹಾದುಹೋಗುವ ಪುಟ್ಟ ಸುತ್ತುಗಳು. ಯಾರಿಗಾದರೂ ಸಾಕೆನ್ನಿಸಿದರೆ ಒಳಗೆ ಹೋಗಬಹುದು, ಯಾರಾದರೂ ಹೊಸದಾಗಿ ಸೇರಬಹುದು.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಬಳಗ ಕಾಯುವ ರೀತಿ. ಬೆಂಗಳೂರಿನಲ್ಲಿ ನಮ್ಮ ಗುಂಪಿನ ವೇಗದವರು ಮುಂದೆ ಹೋಗಿ ಎಳನೀರಿನ ಗಾಡಿಯ ಹತ್ತಿರ ನಿಲ್ಲುತ್ತಾರೆ, ನಾವು ತಲುಪುತ್ತೇವೆ. ಹಿಮದಲ್ಲಿ ಹಾಗೆ ನಿಲ್ಲುವಂತಿಲ್ಲ. ನಿಂತ ಕ್ಷಣಕ್ಕೆ ಆ 500 ವ್ಯಾಟ್ ಇಳಿದುಹೋಗುತ್ತದೆ, ಆದರೆ ಬೆವರಿದ ಬಟ್ಟೆ ಶಾಖ ಹೀರುವುದನ್ನು ನಿಲ್ಲಿಸುವುದಿಲ್ಲ. ಕೆಲವೇ ನಿಮಿಷಗಳಲ್ಲಿ ನಡುಕ ಬರುತ್ತದೆ. ಹಾಗೆಂದು ಹಿಂದಿದ್ದವರನ್ನು ಬಿಟ್ಟುಹೋಗುವಂತೆಯೂ ಇಲ್ಲ. ಒಬ್ಬರ ಕಾಲು ಉಳುಕಿದರೆ, ಫೋನಿನ ಬ್ಯಾಟರಿ ಚಳಿಗೆ ಕೈಕೊಟ್ಟರೆ, ರಸ್ತೆಯಲ್ಲಿ ಕೇಳುವವರಿಲ್ಲದಿದ್ದರೆ ಸಣ್ಣ ಪೆಟ್ಟೂ ಪ್ರಾಣಕ್ಕೆ ಬರುತ್ತದೆ. ಅದಕ್ಕೆ ಮುಂದಿದ್ದವರು ಒಂದಷ್ಟು ದೂರ ಓಡಿ, ತಿರುಗಿ, ಕಟ್ಟಕಡೆಯವರ ಹಿಂದಿನವರೆಗೂ ವಾಪಸ್ ಬಂದು, ಮತ್ತೆ ಅವರ ಜೊತೆ ಮುಂದಕ್ಕೆ ಓಡುತ್ತಾರೆ. ಕಾಯುವವರೂ ಓಡುತ್ತಲೇ ಇರುತ್ತಾರೆ. ವೇಗದವರಿಗೆ ಅವರಿಗೆ ಬೇಕಾದ ದೂರ ಸಿಗುತ್ತದೆ, ನಿಧಾನದವರಿಗೆ ನನ್ನಿಂದ ಎಲ್ಲರಿಗೂ ತೊಂದರೆ ಎಂಬ ಸಂಕೋಚವಿಲ್ಲ. ಕಡೆಯಲ್ಲಿದ್ದವನು ನಾನು. ಅಕ್ಕನ ಮಗಳು ಹೀಗೆ ತಿರುಗಿ ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. "ಮಾಮ, ಮೂಗಿನ ತುದಿ ಬೆಳ್ಳಗಾಗಿದೆ, ಸ್ವಲ್ಪ ಕೈಯಿಂದ ಮುಚ್ಚಿಕೊಳ್ಳಿ" ಎಂದಳು ಒಮ್ಮೆ. ಚರ್ಮ ಮರಗಟ್ಟುವ ಮೊದಲ ಗುರುತು ಅದು. ಮರಗಟ್ಟಿದವರಿಗೆ ನೋವು ತಿಳಿಯುವುದಿಲ್ಲ, ಎದುರಿನವರಿಗೆ ಬಣ್ಣ ಕಾಣುತ್ತದೆ. ತನ್ನ ಮೂಗನ್ನು ತಾನು ನೋಡಿಕೊಳ್ಳಲಾಗದು ಎಂಬ ಒಂದೇ ಕಾರಣ ಸಾಕು ಹಿಮದಲ್ಲಿ ಜೊತೆಯಾಗಿ ಓಡುವುದಕ್ಕೆ.

ಓಡದವರೂ ಈ ಓಟದಲ್ಲಿ ಇದ್ದಾರೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗುವುದು ಕಡ್ಡಾಯ. ಅಕ್ಕನ ಮನೆಯಲ್ಲಿ ಆ ಒಬ್ಬರು ಅವಳ ಅತ್ತೆ, ತೀರ್ಥಹಳ್ಳಿ ಕಡೆಯವರು, ಮಗನ ಮನೆಗೆಂದು ಬಂದಿದ್ದರು. ಹಾಲಿನ ಗಡಿಯಾರದ ಮೇಲೆ ಕಣ್ಣಿಟ್ಟಿರುತ್ತಿದ್ದರು. ಹೇಳಿದ ಹೊತ್ತಿಗೆ ಬಾರದಿದ್ದರೆ ಫೋನು ಬಂತೆಂದೇ ಲೆಕ್ಕ. ಬಂದವರು ಮೊದಲು ಮಾಡಬೇಕಾದ್ದು ಒದ್ದೆ ಬಟ್ಟೆ ಬದಲಿಸುವುದು, ಮಾತುಕತೆ ಆಮೇಲೆ. ಬಾಗಿಲ ಬಳಿ ನಿಂತು ಹರಟೆಗಿಳಿದವರನ್ನೆಲ್ಲ, ಅಮೆರಿಕನ್ನರಾಗಲಿ ಕನ್ನಡಿಗರಾಗಲಿ, "ಮೊದ್ಲು ಅಂಗಿ ಬದಲಿಸ್ಕೊಂಡು ಬನ್ನಿ" ಎಂದು ಒಳಗೆ ಕಳಿಸುತ್ತಿದ್ದರು. ಕನ್ನಡ ತಿಳಿಯದವರೂ ಹೋಗುತ್ತಿದ್ದರು. ಆಮೇಲೆ ಬಿಸಿ ರಾಗಿ ಅಂಬಲಿ, ಒಗ್ಗರಣೆ ಮಜ್ಜಿಗೆ ಹಾಕಿದ್ದು.

ಹಬ್ಬದ ದಿನ ಬೆಳಗ್ಗೆ ಕಾರುಗಳಲ್ಲಿ ಡೆಲವೇರ್ ಅವೆನ್ಯೂಗೆ ಹೋದೆವು. ಓಟ ಒಂಬತ್ತಕ್ಕೆ. ಸಣ್ಣಗೆ ಹಿಮ ಉದುರುತ್ತಿತ್ತು. ಟರ್ಕಿ ಕೋಳಿಯ ವೇಷ ಹಾಕಿದವರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದವರು, ಅಜ್ಜ ಮಗ ಮೊಮ್ಮಗಳು ಒಂದೇ ಬಣ್ಣದ ಟೋಪಿ ಹಾಕಿ ಸಾಲಾಗಿ ನಿಂತವರು. ಜ್ಯಾಕೆಟ್ಟಿನ ಮೇಲೆ ನಂಬರ್ ಚೀಟಿಗೆ ಪಿನ್ನು ಚುಚ್ಚಿಕೊಳ್ಳಲು ಗ್ಲೌಸ್ ಬಿಚ್ಚಬೇಕು, ಬಿಚ್ಚಿದರೆ ಬೆರಳು ಕೇಳುವುದಿಲ್ಲ. ಹಾಗಾಗಿ ಮನೆಯಲ್ಲೇ ಚುಚ್ಚಿಕೊಂಡು ಬಂದಿದ್ದೆವು. ಹಾಗೆ ಚುಚ್ಚಿಕೊಳ್ಳದೆ ಬಂದವರಿಗೆ ಅಕ್ಕಪಕ್ಕದವರು ಚುಚ್ಚಿಕೊಡುತ್ತಿದ್ದರು. ಉತ್ತರದಲ್ಲಿ ವಿಶಾಲ ಮರಗಳ ಬೀದಿ, ಹಳೆಯ ದೊಡ್ಡ ಮನೆಗಳು, ಕಡೆಗೆ ಪೇಟೆಯ ಎತ್ತರದ ಕಟ್ಟಡಗಳು. ದಾರಿಯ ಎರಡೂ ಕಡೆ ಜನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ನಿಂತು ಕೂಗುತ್ತಿದ್ದರು. ಅಷ್ಟು ಜನ ಓಡಿದರೆ ರಸ್ತೆಯ ಹಿಮ ತುಳಿದು ತುಳಿದು ಕರಗಿ ಕೆಸರಾಗುತ್ತದೆ, ನಮ್ಮ ಸ್ಕ್ರೂ ಶೂಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ನಮ್ಮ ಬಳಗ ಅಷ್ಟು ದೊಡ್ಡ ಜಾತ್ರೆಯಲ್ಲೂ ಚದುರಲಿಲ್ಲ. ಓಟ ಮುಗಿಯುವ ಕಡೆ ಕನ್ವೆನ್ಷನ್ ಸೆಂಟರಿನ ಬೆಚ್ಚಗಿನ ಸಭಾಂಗಣದಲ್ಲಿ ಅಕ್ಕನ ಅತ್ತೆ ಎಲ್ಲರ ಒಣ ಅಂಗಿಗಳ ಚೀಲ ಹಿಡಿದು ಕೂತಿದ್ದರು.

ಅವರ ವಿಷಯ ಇನ್ನಷ್ಟು ಹೇಳಬೇಕು. ನಮ್ಮ ಕಡೆಯ ತಂದೆತಾಯಂದಿರು ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುತ್ತಾರೆ. ಬೇಸಿಗೆಯಾದರೆ ಪಾರ್ಕು, ದೇವಸ್ಥಾನ, ನಯಾಗರಾ. ಆದರೆ ಬಾಣಂತನ ಬೇಸಿಗೆ ನೋಡಿ ಬರುವುದಿಲ್ಲ. ಚಳಿಗಾಲದಲ್ಲಿ ಹೋದವರು ತಿಂಗಳುಗಟ್ಟಲೆ ಕಿಟಕಿಯ ಹಿಂದೆ ಉಳಿದುಬಿಡುತ್ತಾರೆ. ಆ ಊರಲ್ಲಿ ನವೆಂಬರ್ ಕೊನೆಗೆ ಸಂಜೆ ಐದರೊಳಗೆ ಕತ್ತಲು. ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಟಿವಿ, ಫೋನು, ಮತ್ತೆ ಟಿವಿ. ಹಿಮ ಇದೆ, ಜಾರುತ್ತದೆ, ನೀವು ಹೊರಗೆ ಬರಬೇಡಿ ಎಂದು ಮಕ್ಕಳು ಹೇಳುವುದು ಪ್ರೀತಿಯಿಂದಲೇ. ಆದರೆ ಮಲೆನಾಡಿನ ಮಳೆಯಲ್ಲಿ ಗದ್ದೆ ಬದುವಿನ ಮೇಲೆ ಓಡಾಡಿದ ಕಾಲುಗಳು ಸೋಫಾದ ಮೇಲೆ ಕೂತು ಸೋಲುತ್ತವೆ, ಮನಸ್ಸೂ ಸೋಲುತ್ತದೆ. ಇದು ನನಗೆ ತೀರ ಸಂಕಟದ ಸಂಗತಿ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಅಕ್ಕನ ಮನೆಯಲ್ಲಿ ಬಳಗದವರು ಪುಟ್ಟ ಸುತ್ತು ಓಡುವಾಗ ಅತ್ತೆಯವರೂ ಮನೆಯ ಮುಂದಿನ ಬೀದಿಯ ಆ ತುದಿಯವರೆಗೆ ನಡೆಯುತ್ತಿದ್ದರು. ಶೂಗೆ ಮುಳ್ಳಿನ ಸರಪಳಿ, ಮೊಣಕಾಲು ದಾಟುವ ಕೋಟು, ಮುಖಕ್ಕೆ ಮಫ್ಲರ್. ಆ ಮಫ್ಲರ್ ಬೆಚ್ಚಗಿಡುವುದಷ್ಟೇ ಅಲ್ಲ, ಹೊರಬಿಟ್ಟ ಉಸಿರಿನ ತೇವವನ್ನು ಹಿಡಿದಿಟ್ಟು ಒಳಗೆಳೆಯುವ ಗಾಳಿಗೆ ಸ್ವಲ್ಪ ಶಾಖ ಕೊಡುತ್ತದೆ. ಒಣ ಚಳಿಗಾಳಿಗೆ ಉಸಿರುನಾಳ ಬಿಗಿಯುವವರಿಗೆ, ಆಸ್ತಮಾ ಇರುವವರಿಗೆ ಇದು ಅಗತ್ಯ. ಕೈ ಜೇಬಿನೊಳಗೆ ಇಡಬಾರದು ಎಂದು ಆ ನಿವೃತ್ತ ಹಿರಿಯರು ಅವರಿಗೆ ಹೇಳಿಕೊಟ್ಟಿದ್ದರು, ಜಾರಿದರೆ ಮೈ ತೂಗಿಸಿಕೊಳ್ಳಲು ಕೈ ಹೊರಗಿರಬೇಕು. ಪೂರ್ತಿ ಪಾದ ಊರಿ, ಚಿಕ್ಕ ಹೆಜ್ಜೆ. ಓಡುವವರು ಪ್ರತಿ ಸುತ್ತಿಗೂ ಅವರ ಪಕ್ಕದಲ್ಲಿ ಹಾದುಹೋಗುವುದರಿಂದ ಅವರು ಎಂದೂ ಒಂಟಿಯಾಗಿರುತ್ತಿರಲಿಲ್ಲ. ಊರಿನಲ್ಲಿ ಎದುರಾದವರನ್ನೆಲ್ಲ ಮಾತಾಡಿಸಿ ಅಭ್ಯಾಸವಿದ್ದ ಅವರಿಗೆ ಆ ಬೀದಿಯಲ್ಲಿ ಮಾತಾಡಿಸುವವರು ಸಿಕ್ಕಿದ್ದು ಈ ಬಳಗದಿಂದ.

ಒಂದು ಕೆಲಸಕ್ಕೆ ಮಾತ್ರ ಅವರನ್ನು ಬಿಡುತ್ತಿರಲಿಲ್ಲ, ಹಿಮ ಎತ್ತುವುದಕ್ಕೆ. ಮನೆ ಮುಂದಿನ ಹಿಮವನ್ನು ಸಲಿಕೆಯಲ್ಲಿ ಎತ್ತಿಹಾಕುವುದು ನೋಡಲು ಸಲೀಸು, ಹೃದಯಕ್ಕೆ ಓಟಕ್ಕಿಂತ ಭಾರ. ತೋಳಿನ ಕೆಲಸಕ್ಕೆ ರಕ್ತದೊತ್ತಡ ಹೆಚ್ಚು ಏರುತ್ತದೆ, ಎತ್ತುವಾಗ ಉಸಿರು ಕಟ್ಟುತ್ತೇವೆ, ಚಳಿಗೆ ರಕ್ತನಾಳಗಳು ಬಿಗಿದಿರುತ್ತವೆ. ದೊಡ್ಡ ಹಿಮ ಬಿದ್ದಾಗಲೆಲ್ಲ ಹೃದಯಾಘಾತಗಳು ಹೆಚ್ಚುವುದನ್ನು ಗಮನಿಸಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪ್ರತಿ ಚಳಿಗಾಲವೂ ಎಚ್ಚರಿಸುತ್ತದೆ. ವಯಸ್ಸಾದವರು, ಹೃದಯದ ತೊಂದರೆ ಇರುವವರು ಸಲಿಕೆ ಮುಟ್ಟಲೇಬಾರದು. ಬಳಗದವರು ಹಿಮ ಬಿದ್ದ ಮರುದಿನದ ಓಟವನ್ನು ಇದಕ್ಕೇ ಮೀಸಲಿಟ್ಟಿದ್ದರು. ಒಬ್ಬಂಟಿ ವೃದ್ಧರಿರುವ ಮನೆಗಳ ಪಟ್ಟಿ ಅವರ ಹತ್ತಿರ ಇತ್ತು. ಸಲಿಕೆ ಹಿಡಿದು ಮನೆಯಿಂದ ಮನೆಗೆ ಓಡುತ್ತ, ಒಬ್ಬರು ಸುಸ್ತಾಗುವ ಮೊದಲೇ ಇನ್ನೊಬ್ಬರಿಗೆ ಸಲಿಕೆ ಕೊಡುತ್ತ ಬಾಗಿಲಿಂದ ರಸ್ತೆಯವರೆಗೆ ದಾರಿ ಮಾಡಿಕೊಡುತ್ತಿದ್ದರು. ಆಂಬುಲೆನ್ಸ್ ಬಂದರೆ ಸ್ಟ್ರೆಚರ್ ಹೋಗುವಷ್ಟು ಅಗಲ ಇರಬೇಕು ಎಂದು ನರ್ಸಮ್ಮ ಅಳತೆ ಹೇಳಿದ್ದರಂತೆ.

ಈ ಚಳಿಗಾಲದಲ್ಲಿ ಹಿಮದ ಊರಿಗೆ ಹೊರಟಿರುವ ಹಿರಿಯರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದೀರಿ. ಮಕ್ಕಳು ಸ್ವೆಟರಿನ ಅಳತೆ ಕೇಳಿದಾಗ ಶೂಗೆ ಹಾಕುವ ಮುಳ್ಳಿನ ಸರಪಳಿಯ ಅಳತೆಯನ್ನೂ ಕೊಡಿ. ರಕ್ತದೊತ್ತಡ, ಮಂಡಿ, ಮೂಳೆಯ ವಿಚಾರ ಇಲ್ಲಿನ ಡಾಕ್ಟರನ್ನು ಕೇಳಿಕೊಂಡೇ ಹೊರಡಿ. ಹೋದಮೇಲೆ, ಆ ಬೀದಿಯಲ್ಲಿ ಬೆಳಗ್ಗೆ ಓಡುವವರು ನಡೆಯುವವರು ಯಾರಿದ್ದಾರೆ, ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ಮಗನನ್ನೋ ಸೊಸೆಯನ್ನೋ ವಿಚಾರಿಸಲು ಹೇಳಿ. ಅಕ್ಕನ ಅತ್ತೆ ಏಪ್ರಿಲ್‌ನಲ್ಲಿ ಊರಿಗೆ ವಾಪಸಾದರು. ಈಗಲೂ ಬಫಲೋದಲ್ಲಿ ಬಳಗ ಹೊರಡುವ ಹೊತ್ತಿಗೆ ತೀರ್ಥಹಳ್ಳಿಯಿಂದ ಫೋನು ಹೋಗುತ್ತದೆ, ಅಲ್ಲಿ ಬೆಳಗ್ಗೆ, ಇಲ್ಲಿ ಸಂಜೆ. ಎಲ್ಲರೂ ಬಂದು ಮುಟ್ಟಿದಿರಾ ಎಂದು ಕೇಳುವ ಎರಡನೇ ಫೋನು ಅವರು ಮಲಗುವುದಕ್ಕೆ ಮುಂಚೆ.